ಮೇಷ್ಟ್ರ ಟೈರಿಗೆ ಪೂರ್ತಿ ಅಳತೆ

ನಾನು ತೂಕ-ಅಳತೆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಡೆದ ಅನಾಹುತಕ್ಕೆ ಇದನ್ನು ನೆಪ ಮಾಡುತ್ತಿಲ್ಲ. ಆದರೆ ಬೇರೆ ಯಾವ ಕಚೇರಿಯವನಾಗಿದ್ದರೂ ಇಂಥ ತಪ್ಪು ನನ್ನ ತಲೆಗೆ ಹೊಳೆಯುತ್ತಲೇ ಇರಲಿಲ್ಲ. ಅಂಗಡಿಗಳ ತಕ್ಕಡಿ, ತೂಕದ ಬಟ್ಟು, ಲೀಟರಿನ ಪಾತ್ರೆ ಇವನ್ನೆಲ್ಲ ಪರೀಕ್ಷೆ ಮಾಡಿ ಮುದ್ರೆ ಒತ್ತುವ ಕಚೇರಿ ನಮ್ಮದು. ಪರೀಕ್ಷೆ ಮಾಡುವವರು ಇನ್ಸ್‌ಪೆಕ್ಟರು. ಮುದ್ರೆಯ ಡಬ್ಬಿ ಹಿಡಿದು ಅವರ ಪಕ್ಕದಲ್ಲಿ ನಿಲ್ಲುವವನು ನಾನು. ನಮ್ಮ ಕಟ್ಟಡದಲ್ಲಿ ಮಾತ್ರ ಎಲ್ಲರೂ ನನ್ನನ್ನೇ ಇನ್ಸ್‌ಪೆಕ್ಟರು ಎನ್ನುತ್ತಾರೆ. ಮೊದಲ ಸಲ ಯಾರೋ ಹಾಗೆ ಕರೆದಾಗ ತಿದ್ದಬೇಕು ಅಂದುಕೊಂಡೆ. ಆಗ ಬಾಯಲ್ಲಿ ಬಿಸ್ಕತ್ತಿತ್ತು. ಆಮೇಲೆ ಒಂಬತ್ತು ವರ್ಷ ಸಂದರ್ಭವೇ ಒದಗಿ ಬರಲಿಲ್ಲ.

ನಮ್ಮ ಕಚೇರಿಯ ಲೆಕ್ಕದಲ್ಲಿ ಲೋಕದಲ್ಲಿರುವ ಪಾಪ ಒಂದೇ, ಕಡಿಮೆ ಅಳತೆ. ಕಿಲೋ ಎಂದು ಹೇಳಿ ಒಂಬೈನೂರ ಎಂಬತ್ತು ಗ್ರಾಂ ಕೊಟ್ಟವನು ಕಳ್ಳ. ಜಾಸ್ತಿ ಕೊಟ್ಟನೆಂದು ಯಾರ ಮೇಲಾದರೂ ಕೇಸು ಹಾಕಿದ್ದನ್ನು ನಾನು ಈ ಇಪ್ಪತ್ತೆರಡು ವರ್ಷದಲ್ಲಿ ಕಂಡಿಲ್ಲ. ಹೀಗಿರುವಾಗ ನಾನೊಂದು ಬ್ಯಾಟರಿ ಸೈಕಲ್ಲು ಕೊಂಡೆ. ಬೆಟ್ಟ ಹತ್ತುವ ಜಾತಿಯದು. ದಪ್ಪ ಟೈರು, ಅಗಲ ಹ್ಯಾಂಡಲ್ಲು, ಪೆಡಲ್ ತುಳಿದರೆ ಹಿಂದಿನಿಂದ ಯಾರೋ ನೂಕಿದಂತೆ ಮೋಟರು ನೂಕುತ್ತದೆ. ಮನೆಗೆ ತಂದ ದಿನವೇ ಕನ್ನಡಕ ಹಾಕಿಕೊಂಡು ಟೈರಿನ ಪಕ್ಕ ಅಚ್ಚಾಗಿದ್ದ ಅಕ್ಷರಗಳನ್ನು ಓದಿದೆ. ‘ಗರಿಷ್ಠ ಅರವತ್ತೈದು’ ಎಂದಿತ್ತು. ಅಳೆದು ನೋಡಿದರೆ ಒಳಗಿದ್ದ ಗಾಳಿ ಬರೀ ಇಪ್ಪತ್ತೈದು. ಅರವತ್ತೈದು ಬರಬೇಕಾದ ಕಡೆ ಇಪ್ಪತ್ತೈದು! ನಲವತ್ತನ್ನು ಅಂಗಡಿಯವನು ನುಂಗಿ ನೀರು ಕುಡಿದಿದ್ದ.

ನಾನು ಪಂಪು ತಂದು ಪೂರ್ತಿ ಅಳತೆ ತುಂಬಿಸಿದೆ. ಟೈರು ಬಡಿದರೆ ಟಣ್ ಎನ್ನುವಂತಾಯಿತು. ಅದರ ಮೇಲೆ ಕೂತು ಹೊರಟರೆ ದಾರಿಯಲ್ಲಿ ಹುಣಿಸೆ ಬೀಜದಷ್ಟು ಕಲ್ಲು ಸಿಕ್ಕರೂ ಅದರ ಸಮಾಚಾರ ನೆತ್ತಿಯವರೆಗೆ ಬರುತ್ತಿತ್ತು. ಬೆಟ್ಟದ ಸವಾರಿ ಅಂದರೆ ಹೀಗೇ ಇರಬೇಕು, ಇಲ್ಲವಾದರೆ ಜನ ಅದನ್ನು ಸಾಹಸ ಎಂದು ಯಾಕೆ ಕರೆಯುತ್ತಿದ್ದರು ಎಂದು ಹಲ್ಲು ಕಚ್ಚಿಕೊಂಡೆ. ಎರಡನೆಯ ವಾರಕ್ಕೆ ಆ ಹಲ್ಲಿಗೆ ತುಂಬಿಸಿದ್ದ ಸಿಮೆಂಟು ಉದುರಿತು. ಇಳಿಜಾರು ಬಂದಾಗ ಮಾತ್ರ ನಾನು ಇಳಿದು ತಳ್ಳಿಕೊಂಡು ಬರುತ್ತಿದ್ದೆ. ಕೇಳಿದವರಿಗೆ ಬ್ಯಾಟರಿಗೆ ವಿಶ್ರಾಂತಿ ಕೊಡುತ್ತಿದ್ದೇನೆ ಎನ್ನುತ್ತಿದ್ದೆ.

ನಿಜ ಹೇಳಬೇಕೆಂದರೆ ಆ ಸೈಕಲ್ಲು ಕೊಂಡಿದ್ದು ಮೂರನೆಯ ಮಹಡಿಯ ಡ್ರಿಲ್ ಮೇಷ್ಟ್ರನ್ನು ನೋಡಿ. ಮೂವತ್ತೆಂಟು ವರ್ಷ ಮಕ್ಕಳನ್ನು ಬಿಸಿಲಿನಲ್ಲಿ ನಿಲ್ಲಿಸಿ ನಿವೃತ್ತರಾದವರು. ನಿವೃತ್ತಿಯ ನಂತರ ಎರಡು ವರ್ಷ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು, ಕೆಳಗೆ ಓಡಾಡುವವರ ನಡಿಗೆಯಲ್ಲಿ ತಪ್ಪು ಹುಡುಕುತ್ತ ಮಂಕಾಗಿ ಕೂತಿದ್ದರು. ಆಮೇಲೊಂದು ದಿನ ಬೆಟ್ಟದ ಬ್ಯಾಟರಿ ಸೈಕಲ್ಲು ತಂದರು. ಅರವತ್ತಾರು ವರ್ಷದ ಮನುಷ್ಯ ಊರ ಹಿಂದಿನ ಬೆಟ್ಟವನ್ನು ಪ್ರತಿ ಭಾನುವಾರ ಹತ್ತಿ, ಜಲ್ಲಿಯ ದಾರಿಯಲ್ಲಿ ಜರ್ರನೆ ಇಳಿದು, ಬೆವರು ಸುರಿಸಿಕೊಂಡು ಮನೆಗೆ ಬಂದು ಎರಡು ಪಾಲು ಊಟ ಮಾಡುತ್ತಿದ್ದರು. ದನಿ ಮತ್ತೆ ಗಟ್ಟಿಯಾಯಿತು. ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದರು.

ಸೈಕಲ್ಲು ಬಂದ ದಿನವೇ ಮೇಷ್ಟ್ರ ಹೆಂಡತಿ ಇಡೀ ಕಟ್ಟಡಕ್ಕೆ ಕೇಳುವಂತೆ ಒಂದು ಷರತ್ತು ಹಾಕಿದ್ದರು.

“ಒಂದೇ ಒಂದು ಸಲ ಬಿದ್ರೋ, ಅವತ್ತೇ ಇದು ಮನೆಯಿಂದ ಆಚೆ. ಒಪ್ಪಿಗೆಯಾ?”

“ಒಪ್ಪಿಗೆ. ನಾನು ಬೀಳೋನಲ್ಲ,” ಎಂದರು ಮೇಷ್ಟ್ರು.

“ಎಲ್ಲರೂ ಕೇಳಿಸ್ಕೊಂಡ್ರಲ್ಲ?”

ಎಲ್ಲರೂ ಕೇಳಿಸಿಕೊಂಡಿದ್ದೆವು. ಮೂರು ವರ್ಷ ಮೇಷ್ಟ್ರು ಬೀಳಲಿಲ್ಲ.

ಅವರ ಒಂದೇ ಒಂದು ಅಭ್ಯಾಸ ನನಗೆ ಹಿಡಿಸುತ್ತಿರಲಿಲ್ಲ. ಹೊರಡುವ ಮೊದಲು ಅವರು ಗಾಳಿಯನ್ನು ಯಂತ್ರದಿಂದ ಅಳೆಯುತ್ತಿರಲಿಲ್ಲ. ಹೆಬ್ಬೆರಳಿನಿಂದ ಟೈರನ್ನು ಒತ್ತಿ, ಹೂಂ ಎಂದು ಗೋಣು ಹಾಕಿ ಹೊರಟುಬಿಡುತ್ತಿದ್ದರು. ಹೆಬ್ಬೆರಳಿಗೆ ಯಾರು ಮುದ್ರೆ ಒತ್ತಿದ್ದಾರೆ? ಒಮ್ಮೆ ಅವರು ಆಚೆ ತಿರುಗಿದಾಗ ನಾನು ಅಳೆದು ನೋಡಿದೆ. ಮುಂದೆ ಇಪ್ಪತ್ತೆರಡು, ಹಿಂದೆ ಇಪ್ಪತ್ತನಾಲ್ಕು. ಇಷ್ಟು ಒಳ್ಳೆಯ ಮನುಷ್ಯ ಮೂರು ವರ್ಷದಿಂದ ಮೂರನೆಯ ಒಂದು ಪಾಲು ಗಾಳಿಯಲ್ಲಿ ಬದುಕುತ್ತಿದ್ದಾರಲ್ಲ ಎಂದು ಮರುಗಿದೆ.

ಆ ಭಾನುವಾರ ಬೆಳಿಗ್ಗೆ ಸೈಕಲ್ ಶೆಡ್ಡಿನಲ್ಲಿ ನಾವಿಬ್ಬರೇ ಇದ್ದೆವು. ಮೇಷ್ಟ್ರು ಟೈರು ಒತ್ತಿ, ಗೋಣು ಹಾಕಿ, “ಮಂಡಿ ಪಟ್ಟಿ ಮರೆತೆ, ತಗೊಂಡು ಬರ್ತೀನಿ,” ಎಂದು ಮೇಲೆ ಹೋದರು. ಮೇಲೆ ಅವರ ಹೆಂಡತಿ ಮಂಡಿ ಪಟ್ಟಿಯ ಜೊತೆ ಒಂದು ಉಪದೇಶವನ್ನೂ ಕೊಡುವುದು ರೂಢಿ, ಹತ್ತು ನಿಮಿಷಕ್ಕೆ ಕಡಿಮೆಯಿಲ್ಲ. ನಾನು ಪಂಪು ತೆಗೆದುಕೊಂಡೆ. ಉಪಕಾರ ಮಾಡಿದ್ದು ಗೊತ್ತಾಗಬಾರದು, ಬೆಟ್ಟದ ತುದಿ ಮುಟ್ಟಿದ ಮೇಲೆ ಹೇಳೋಣ, ಅಲ್ಲಿ ಅವರು ನನ್ನ ಕೈ ಹಿಡಿದುಕೊಳ್ಳುತ್ತಾರೆ ಎಂಬುದು ನನ್ನ ಯೋಜನೆ. ಎರಡು ಟೈರಿಗೂ ಅರವತ್ತೈದು ಹಾಕುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತ್ತು. ಪಂಪು ಗೂಟಕ್ಕೆ ಸಿಕ್ಕಿಸಿ, ಏನೂ ಅರಿಯದವನ ಹಾಗೆ ಹೆಲ್ಮೆಟ್ಟಿನ ಪಟ್ಟಿ ಕಟ್ಟಿಕೊಳ್ಳುತ್ತ ನಿಂತೆ.

ಡಾಂಬರು ರಸ್ತೆಯಲ್ಲಿ ಮೇಷ್ಟ್ರು ಬಾಣದಂತೆ ಹೋದರು. “ಇವತ್ತೇನು ಇನ್ಸ್‌ಪೆಕ್ಟರೇ, ಸೈಕಲ್ಲು ಹಾರ್ತಾ ಇದೆ! ಬ್ಯಾಟರಿಗೆ ಖುಷಿ ಬಂದ ಹಾಗಿದೆ,” ಎಂದು ಕೂಗಿದರು. ನಾನು ಒಳಗೊಳಗೇ ಉಬ್ಬಿದೆ. ಬೆಟ್ಟದ ತುದಿಯಲ್ಲಿ ಅವರು ನೀರು ಕುಡಿಯುವಾಗ ಹೇಳಬೇಕೆಂದಿದ್ದೆ. ನನ್ನ ಉಸಿರು ಕೂಡಿಕೊಳ್ಳುವ ಮೊದಲೇ ಅವರು ಇಳಿಯತೊಡಗಿದರು.

ಮೊದಲ ತಿರುವಿನಲ್ಲಿ ಸೈಕಲ್ಲು ಕುಪ್ಪಳಿಸಿತು. ಎರಡನೆಯದರಲ್ಲಿ ಮೇಷ್ಟ್ರೂ ಕುಪ್ಪಳಿಸಿದರು. ಮೂರನೆಯ ತಿರುವಿನ ಜಲ್ಲಿಯ ಮೇಲೆ ಟೈರು ಗೋಲಿಯಂತೆ ಜಾರಿ, ಸೈಕಲ್ಲು ಒಂದು ಕಡೆ, ಮೇಷ್ಟ್ರು ಇನ್ನೊಂದು ಕಡೆ ಹೋದರು. ನಾನು ನನ್ನ ಬ್ಯಾಟರಿಗೆ ವಿಶ್ರಾಂತಿ ಕೊಡುತ್ತ ಅಲ್ಲಿಗೆ ತಲುಪಿದಾಗ ಅವರು ಪೊದೆಯ ಪಕ್ಕ ಕೂತು ಬಲ ಮುಂಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು.

“ಹಿಡಿತ ತಪ್ಪಿತು,” ಎಂದರು. ಆಮೇಲೆ ಬೆಟ್ಟದ ಕಡೆ ತಿರುಗಿದರು. “ಇನ್ನು ಮುಗೀತು ಇನ್ಸ್‌ಪೆಕ್ಟರೇ.”

ನಾಚಿಕೆಗೇಡಿನ ಸಂಗತಿ ಎಂದರೆ ಆಗ ನನ್ನ ಮನಸ್ಸಿಗೆ ಬಂದ ಯೋಚನೆ. ಸದ್ಯ, ಅರವತ್ತೈದು ಹಾಕಿದ್ದೆ, ಬರೀ ಮುಂಗೈಗೆ ಹೋಯಿತು, ಆ ಇಪ್ಪತ್ತೆರಡರಲ್ಲೇ ಬಂದಿದ್ದರೆ ಪ್ರಾಣಕ್ಕೇ ಬರುತ್ತಿತ್ತಲ್ಲ ಎಂದುಕೊಂಡೆ.

ಮೇಷ್ಟ್ರು ತಮ್ಮ ಕಾಲಿನ ಮೇಲೆಯೇ ನಡೆದು ರಸ್ತೆಗೆ ಬಂದರು. ನಾನು ಮಾಡಿದ್ದು ಆಟೋ ಕರೆದದ್ದು ಮಾತ್ರ. ಮಧ್ಯಾಹ್ನದ ಹೊತ್ತಿಗೆ ಕಟ್ಟಡದವರ ಬಾಯಲ್ಲಿ ನಾನು ಅವರಿಗೆ ಹೆಗಲು ಕೊಟ್ಟು ಇಳಿಸಿದ್ದೆ. ಸಂಜೆಯ ಹೊತ್ತಿಗೆ ಬೆನ್ನ ಮೇಲೆ ಹೊತ್ತು ತಂದಿದ್ದೆ. ನಮ್ಮ ಸಂಘದ ಸೆಕ್ರೆಟರಿ, ಯಾವುದನ್ನೂ ಲಿಖಿತದಲ್ಲಿ ಕೊಡದಿದ್ದರೆ ಊಟ ಸೇರದ ಮನುಷ್ಯ, ನೋಟೀಸ್ ಬೋರ್ಡಿನಲ್ಲಿ ನನ್ನ ಬಗ್ಗೆ ಅರ್ಧ ಪುಟ ಅಭಿನಂದನೆ ಅಂಟಿಸಿದರು. ಪಂಪು ಒತ್ತಿ ಹಿಡಿದುಕೊಂಡಿದ್ದ ಸೊಂಟವನ್ನು ನಾನು ಕೈಯಲ್ಲಿ ಒತ್ತಿಕೊಂಡು ಮೆಟ್ಟಿಲು ಹತ್ತುವುದನ್ನು ಕಂಡವರು, “ಪಾಪ, ಮೇಷ್ಟ್ರೇನು ಕಡಿಮೆ ಭಾರವಾ,” ಎಂದರು. ನಾನು ಇನ್ನೊಂದು ಸ್ವಲ್ಪ ಒತ್ತಿಕೊಂಡೆ.

ಮೇಷ್ಟ್ರ ಮುಂಗೈಗೆ ಪ್ಲಾಸ್ಟರು ಬಿತ್ತು. ಷರತ್ತಿನ ಪ್ರಕಾರ ಮಾರನೆಯ ದಿನವೇ ಅವರ ಹೆಂಡತಿ ಸೈಕಲ್ಲನ್ನು ಮಾರಲೆಂದು ಮೂಲೆಯ ರಿಪೇರಿ ಅಂಗಡಿಗೆ ಸಾಗಿಸಿದರು. ನಾನು ಕಿತ್ತಳೆ ಹಣ್ಣು ಹಿಡಿದುಕೊಂಡು ನೋಡಲು ಹೋದಾಗ ಬಾಗಿಲಲ್ಲೇ ಅವರು ನನ್ನನ್ನು ತಡೆದು, ದನಿ ತಗ್ಗಿಸಿದರು.

“ಇನ್ಸ್‌ಪೆಕ್ಟರೇ, ಕೈ ಮುರಿದಿದ್ದು ದೊಡ್ಡದಲ್ಲ. ರಿಪೇರಿಯವನು ಒಂದು ವಿಷಯ ಹೇಳಿದ. ಟೈರಲ್ಲಿ ಅರವತ್ತೈದು ಗಾಳಿ ಇತ್ತಂತೆ! ಅಷ್ಟು ಹಾಕಿದ್ರೆ ಜಲ್ಲಿ ಮೇಲೆ ಯಾರಾದ್ರೂ ಬೀಳ್ತಾರಂತೆ. ಮೂರು ವರ್ಷದಿಂದ ಹೆಬ್ಬೆರಳಲ್ಲಿ ಒತ್ತಿ ಮೆತ್ತಗೇ ಇಟ್ಕೊಳ್ತಿದ್ದೋರು ಅರವತ್ತೈದು ಹಾಕಿದ್ದಾರೆ. ಹಾಕಿದ್ದು ನೆನಪೇ ಇಲ್ವಂತೆ ಅವರಿಗೆ!”

ನನ್ನ ಕೈಯಲ್ಲಿದ್ದ ಕಿತ್ತಳೆ ಚೀಲ ಭಾರವಾಯಿತು.

“ಮರೆವು,” ಎಂದು ಅವರು ಕಣ್ಣೊರೆಸಿಕೊಂಡರು. “ಅವರ ಅಪ್ಪನಿಗೂ ಹೀಗೇ ಶುರುವಾಗಿತ್ತು. ಕೊನೆಗೆ ಯಾರ ಗುರುತೂ ಸಿಕ್ತಿರಲಿಲ್ಲ. ನೀವು ಯಾರಿಗೂ ಹೇಳ್ಬೇಡಿ.”

ಯಾರಿಗೂ ಹೇಳಬಾರದು ಎಂದು ಅವರೇ ಕೇಳಿಕೊಂಡ ಮೇಲೆ ನಾನು ಹೇಳುವುದಾದರೂ ಹೇಗೆ? ಹಣ್ಣು ಕೊಟ್ಟು, ಮೆಟ್ಟಿಲಿಳಿದು, ನೇರವಾಗಿ ರಿಪೇರಿ ಅಂಗಡಿಗೆ ಹೋದೆ. ನನ್ನ ಸೈಕಲ್ಲಿನ ಗಂಟೆ ಸರಿಯಿಲ್ಲ ಎಂದು ನೆಪ ಹೇಳಿದೆ. ರಿಪೇರಿಯವನು ಗಂಟೆ ನೋಡುವ ಮೊದಲೇ ಟೈರನ್ನು ಒತ್ತಿ ನೋಡಿ ಹುಬ್ಬೇರಿಸಿದ.

“ಇದೇನ್ ಸಾರ್, ಕಲ್ಲು ಕಲ್ಲು ಆಗಿದೆ? ಯಾರು ಹಾಕಿದ್ದು ಇದಕ್ಕೆ ಗಾಳಿ?”

“ಪಕ್ಕದಲ್ಲಿ ಬರೆದಿದೆಯಲ್ಲ, ಅರವತ್ತೈದು ಅಂತ,” ಎಂದೆ, ಕಚೇರಿಯ ದನಿಯಲ್ಲಿ. “ಕಂಪನಿಯವರೇ ಅಚ್ಚು ಹಾಕಿದ್ದಾರೆ.”

“ಅದು ಅಷ್ಟು ಹಾಕಿ ಅಂತ ಅಲ್ಲ ಸಾರ್. ಅದಕ್ಕಿಂತ ಜಾಸ್ತಿ ಹಾಕ್ಬೇಡಿ ಅಂತ. ಲಿಫ್ಟಲ್ಲಿ ಎಂಟು ಜನ ಅಂತ ಬರೆದಿರ್ತಾರೆ. ನೀವು ಒಬ್ಬರೇ ಇದ್ರೆ ಇನ್ನು ಏಳು ಜನ ಬರಲಿ ಅಂತ ಕಾಯ್ತಾ ನಿಲ್ತೀರಾ?”

ನಾನು ನಿಲ್ಲುವುದಿಲ್ಲ ಎಂದು ಒಪ್ಪಿಕೊಂಡೆ.

“ಬ್ಯಾಟರಿ ಸೈಕಲ್ಲು ಮೊದಲೇ ಭಾರ. ಜೊತೆಗೆ ನಿಮ್ಮ ಭಾರ ಎಷ್ಟು, ನೆಲ ಎಂಥದ್ದು, ಒಣಗಿದೆಯಾ ನೆನೆದಿದೆಯಾ, ಇಷ್ಟು ನೋಡ್ಕೊಂಡು ಹಾಕೋದು. ಡಾಂಬರಿಗೆ ಸ್ವಲ್ಪ ಜಾಸ್ತಿ, ಜಲ್ಲಿಗೆ ಕಡಿಮೆ. ತೀರಾ ಕಡಿಮೆ ಹಾಕಿದ್ರೆ ರಿಮ್ಮು ಕಲ್ಲಿಗೆ ಬಡಿಯುತ್ತೆ. ಟೈರು ನೆಲಾನ ಅಪ್ಪಿಕೊಂಡು ಹೋಗ್ಬೇಕು ಸಾರ್. ನೀವು ಹಾಕಿರೋ ಗಾಳಿಗೆ ಅದು ನೆಲಾನ ಒದ್ದುಕೊಂಡು ಹೋಗುತ್ತೆ.” ಮೂಲೆಯಲ್ಲಿ ನಿಂತಿದ್ದ ಮೇಷ್ಟ್ರ ಸೈಕಲ್ಲಿನ ಕಡೆ ಕೈ ತೋರಿಸಿದ. “ಅಲ್ನೋಡಿ. ಆ ಯಜಮಾನ್ರ ಹೆಬ್ಬೆರಳು ಈ ಮೀಟರಿಗಿಂತ ಕರಾರುವಾಕ್ಕಾಗಿತ್ತು. ಅಂಥವರಿಗೇ ಬುದ್ಧಿ ಹೀಗಾಗೋಯ್ತು ನೋಡಿ, ಪಾಪ.”

ಅಂಗಡಿಯ ನೆಲ ಬಾಯಿ ಬಿಟ್ಟಿದ್ದರೆ ಆಗಲೇ ಇಳಿದುಬಿಡುತ್ತಿದ್ದೆ. ಅದು ಬಾಯಿ ಬಿಡಲಿಲ್ಲ. ಸರಿಯಾಗಿಯೇ ಇದ್ದ ಗಂಟೆಯನ್ನು ಬಿಚ್ಚಿಸಿ, ಮತ್ತೆ ಹಾಕಿಸಿಕೊಂಡು ಮನೆಗೆ ಬಂದೆ.

ಹೆಂಡತಿಗೆ ಎಲ್ಲ ಹೇಳಿದೆ. ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

“ನನಗೆ ಗೊತ್ತು. ಬಟ್ಟೆ ಒಣಹಾಕೋವಾಗ ಬಾಲ್ಕನಿಯಿಂದ ನೋಡಿದ್ದೆ,” ಎಂದಳು. “ಅವರೇ ಕೇಳಿಕೊಂಡು ನೀವು ಹಾಕಿಕೊಡ್ತಿದ್ದೀರಿ ಅಂದ್ಕೊಂಡಿದ್ದೆ. ಹೋಗಿ ಹೇಳಿ ಬನ್ನಿ.”

“ಹೇಳ್ತೀನಿ ಕಣೇ. ಸಮಯ ನೋಡಿ ಹೇಳ್ಬೇಕು.”

“ಮೂರನೇ ಮಹಡಿಗೆ ಹೋಗೋಕೆ ಯಾವ ಸಮಯ ಬೇಕು?”

ಮಾರನೆಯ ದಿನ ಹೋದೆ. ಮೇಷ್ಟ್ರ ಹೆಂಡತಿ ಒಂದು ಪಟ್ಟಿ ಹಿಡಿದುಕೊಂಡು ಗಂಡನಿಗೆ ಪರೀಕ್ಷೆ ನಡೆಸುತ್ತಿದ್ದರು. ಇವತ್ತು ಯಾವ ವಾರ, ನಿನ್ನೆ ರಾತ್ರಿ ಏನು ಊಟ, ಮಗಳ ಮನೆಯ ಬಾಗಿಲ ನಂಬರು ಎಷ್ಟು. ಮೇಷ್ಟ್ರು ಎಲ್ಲಕ್ಕೂ ಪಟಪಟನೆ ಉತ್ತರ ಕೊಟ್ಟರು. “ನೋಡಿ, ಎಷ್ಟು ಬೇಗ ಹೇಳ್ತಾರೆ! ಬಾಯಿಪಾಠ ಮಾಡ್ಕೊಂಡಿದ್ದಾರೆ,” ಎಂದು ಅವರ ಹೆಂಡತಿ ಇನ್ನಷ್ಟು ಹೆದರಿದರು. ಪರೀಕ್ಷೆಯ ನಡುವೆ ಬಾಯಿ ಹಾಕುವುದು ಸರಿಯಲ್ಲವೆಂದು ಹಿಂದಿರುಗಿದೆ.

ನಾಲ್ಕು ದಿನ ಬಿಟ್ಟು ಹೋದಾಗ ಮನೆಯ ತುಂಬ ಚೀಟಿಗಳು. ಬಾಗಿಲ ಮೇಲೆ ‘ಚಿಲಕ ಹಾಕಿದೆ’, ಒಲೆಯ ಹತ್ತಿರ ‘ಆರಿಸಿದೆ’, ಕನ್ನಡಿಯ ಮೇಲೆ ‘ಮಾತ್ರೆ ಬೆಳಿಗ್ಗೆ ಒಂದೇ’. ಎಲ್ಲವೂ ಮೇಷ್ಟ್ರ ಎಡಗೈ ಬರಹ, ಒಂದನೆಯ ತರಗತಿ ಮಗುವಿನದರಂತೆ ಸೊಟ್ಟಗೆ. ಮೂವತ್ತೆಂಟು ವರ್ಷ ಸಾವಿರಾರು ಮಕ್ಕಳ ಹೆಸರನ್ನು ಹಾಜರಿ ಪುಸ್ತಕ ನೋಡದೆ ಕೂಗಿದ ಮನುಷ್ಯ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೆಂಡತಿ ಅಡುಗೆಮನೆಗೆ ಹೋದದ್ದನ್ನು ನೋಡಿಕೊಂಡು ಕೇಳಿದರು.

“ಇನ್ಸ್‌ಪೆಕ್ಟರೇ, ನೀವು ಸುಳ್ಳು ಹೇಳೋರಲ್ಲ. ಅವತ್ತು ಶೆಡ್ಡಲ್ಲಿ ನಾನು ಪಂಪು ಮುಟ್ಟಿದ್ನಾ? ನನಗೆ ಹೆಬ್ಬೆರಳಲ್ಲಿ ಒತ್ತಿದ್ದು ಮಾತ್ರ ನೆನಪಿದೆ. ಆ ಮೆತ್ತನೆ ಇನ್ನೂ ಬೆರಳಲ್ಲೇ ಇದೆ. ಆದರೆ ರಿಪೇರಿಯವನು ಅಳೆದು ಹೇಳಿದ್ದಾನೆ. ನೀವು ನೋಡಿದ್ರಾ?”

ಇದಕ್ಕಿಂತ ಒಳ್ಳೆಯ ಸಮಯ ಯಾವ ತಪ್ಪಿತಸ್ಥನಿಗೂ ಸಿಕ್ಕಿರಲಾರದು. ಹೌದು ಮೇಷ್ಟ್ರೇ, ಹಾಕಿದ್ದು ನಾನು. ನಾಲ್ಕು ಪದ.

“ಸರಿಯಾಗಿ ನೆನಪಿಗೆ ಬರ್ತಿಲ್ಲ ಮೇಷ್ಟ್ರೇ,” ಎಂದೆ.

ಮೇಷ್ಟ್ರು ನನ್ನನ್ನು ಕನಿಕರದಿಂದ ನೋಡಿದರು. “ನಿಮಗೂ ಶುರುವಾಯ್ತಾ?” ಎಂದು ಎದುರಿಗಿದ್ದ ಬಟ್ಟಲನ್ನು ನನ್ನ ಕಡೆ ಸರಿಸಿದರು. “ಡಾಕ್ಟ್ರು ಬಾದಾಮಿ ತಿನ್ನೋಕೆ ಹೇಳಿದ್ದಾರೆ. ನೆನಪಿಗೆ ಒಳ್ಳೇದಂತೆ. ತಗೊಳ್ಳಿ, ತಗೊಳ್ಳಿ.”

ತಿಂದೆ. ಏಳು ಬಾದಾಮಿ ತಿಂದೆ. ಅದಾದ ಮೇಲೆ ಪ್ರತಿದಿನ ಹೇಳಲೆಂದೇ ಹೋಗುತ್ತಿದ್ದೆ, ಪ್ರತಿದಿನ ಅವರು ಬಟ್ಟಲು ಸರಿಸುತ್ತಿದ್ದರು, ಬಾಯಿ ತುಂಬಿದ ಮೇಲೆ ಹೇಳುವುದು ಆಗುತ್ತಿರಲಿಲ್ಲ. ಮನೆಗೆ ಬಂದರೆ ಹೆಂಡತಿ ತಟ್ಟೆ ಇಡುತ್ತ ಒಂದೇ ಮಾತು ಕೇಳುತ್ತಿದ್ದಳು, “ಹೇಳಿದ್ರಾ?” ನಾನು ತಟ್ಟೆ ನೋಡುತ್ತಿದ್ದೆ.

ಇಷ್ಟರಲ್ಲಿ ‘ಯಾರಿಗೂ ಹೇಳಬೇಡಿ’ ಎಂಬ ಸುದ್ದಿ ಎಲ್ಲ ಗುಟ್ಟುಗಳಂತೆ ಎಲ್ಲ ಮಹಡಿಗೂ ತಲುಪಿತ್ತು. ಮೇಷ್ಟ್ರು ಹಾಲಿಗೆಂದು ಕೆಳಗಿಳಿದರೆ ಯಾರಾದರೊಬ್ಬರು ತೋಳು ಹಿಡಿದು ಮನೆಗೆ ಬಿಟ್ಟು ಬರುತ್ತಿದ್ದರು, ಹಾಲು ಕೊಳ್ಳಲು ಬಿಡುತ್ತಿರಲಿಲ್ಲ. ಎದುರು ಮನೆಯವರು ಅವರನ್ನು ಕಂಡಾಗಲೆಲ್ಲ ತಮ್ಮ ಹೆಸರನ್ನು ಮೂರು ಸಲ ಬಿಡಿಸಿ ಹೇಳುತ್ತಿದ್ದರು. ಸೆಕ್ರೆಟರಿ ಸುತ್ತೋಲೆ ಹೊರಡಿಸಿದರು. ಅರವತ್ತು ದಾಟಿದ ನಿವಾಸಿಗಳು ಜವಾಬ್ದಾರಿಯುತ ವ್ಯಕ್ತಿಯೊಬ್ಬರ ಸಮ್ಮುಖದಲ್ಲಿ ಮಾತ್ರ ಗಾಳಿ ಪಂಪನ್ನು ಬಳಸತಕ್ಕದ್ದು. ಜವಾಬ್ದಾರಿಯುತ ವ್ಯಕ್ತಿ, ಇನ್ಸ್‌ಪೆಕ್ಟರು, ಮೊದಲನೆಯ ಮಹಡಿ.

ಮೇಷ್ಟ್ರು ಬಿದ್ದ ಎರಡು ವಾರದ ನಂತರದ ಭಾನುವಾರ ಸಂಘದ ತಿಂಗಳ ಸಭೆ. ನಾನು ಸುರಕ್ಷಿತ ಸವಾರಿಯ ಬಗ್ಗೆ ಎರಡು ಮಾತಾಡಬೇಕೆಂದು ಸೆಕ್ರೆಟರಿ ಕಾರ್ಯಸೂಚಿಯಲ್ಲಿ ಹಾಕಿದ್ದರು. ಕೆಳಗಿನ ಹಾಲಿನಲ್ಲಿ ಕಟ್ಟಡವೆಲ್ಲ ನೆರೆದಿತ್ತು. ಗೋಡೆಗೆ ಒರಗಿ ಮೇಷ್ಟ್ರ ಸೈಕಲ್ಲು ನಿಂತಿತ್ತು, ಅಂಗಡಿಯಿಂದ ತರಿಸಿ ತೊಳೆದು ಒರೆಸಿದ್ದರು.

ಮೊದಲು ಮೇಷ್ಟ್ರು ಎದ್ದರು. ಪ್ಲಾಸ್ಟರಿನ ಕೈ ಕುತ್ತಿಗೆಗೆ ಕಟ್ಟಿತ್ತು. ಆ ಹಾಲಿನಲ್ಲಿ ಎಂದೂ ಮೈಕು ಕೇಳದಿದ್ದ ಮನುಷ್ಯ ಅಂದು ಮೈಕಿನಲ್ಲಿ ಮಾತಾಡಿದರೂ ದನಿ ಹಿಂದಿನ ಸಾಲಿಗೆ ತಲುಪಲಿಲ್ಲ.

“ನನ್ನಿಂದ ಎಲ್ಲರಿಗೂ ತೊಂದರೆ ಆಯ್ತು. ಏನು ಮಾಡ್ತಿದ್ದೀನಿ ಅನ್ನೋದು ನನಗೇ ಗೊತ್ತಾಗ್ತಿಲ್ಲ ಅಂದ ಮೇಲೆ ಇಂಥದ್ದನ್ನ ಇಟ್ಕೋಬಾರದು. ಇದನ್ನ ಯಾರೋ ಹೊರಗಿನವರಿಗೆ ಕೊಡೋಕೆ ಮನಸ್ಸು ಬರಲಿಲ್ಲ. ನಮ್ಮ ಇನ್ಸ್‌ಪೆಕ್ಟರ ಮನೆಯಲ್ಲಿ ಒಂದಿದೆ. ಇದನ್ನ ಅವರ ಮನೆಯಾಕೆ ಇಟ್ಕೊಳ್ಳಲಿ. ಗಾಳಿಯ ಬೆಲೆ ತಿಳಿದ ಮನೆಗೆ ಹೋಗಲಿ.”

ಅವರು ಸೈಕಲ್ಲಿನ ಬ್ಯಾಟರಿಯ ಬೀಗದ ಕೈಯನ್ನು ಎಡಗೈಯಲ್ಲಿ ನನ್ನ ಕಡೆ ಚಾಚಿದರು. ಎಲ್ಲರೂ ನನ್ನನ್ನು ನೋಡಿದರು. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ನಾನು ಎದ್ದು ಮೈಕು ಹಿಡಿದೆ.

“ಮೇಷ್ಟ್ರು ಗಾಳಿ ಹಾಕಲಿಲ್ಲ,” ಎಂದೆ. “ಅವರಿಗೆ ಮರೆವಿಲ್ಲ. ಅವತ್ತು ಅವರು ಮೇಲೆ ಹೋದಾಗ ಅರವತ್ತೈದು ಹಾಕಿದ್ದು ನಾನು. ತಪ್ಪು ನನ್ನದು.”

ಸೆಕ್ರೆಟರಿಯ ಕಣ್ಣಲ್ಲಿ ನೀರು ತುಂಬಿತು.

“ನೋಡಿದ್ರಾ?” ಎಂದರು ಗದ್ಗದ ದನಿಯಲ್ಲಿ. “ಮೇಷ್ಟ್ರ ಮನಸ್ಸು ನೋಯಬಾರದು ಅಂತ ತಪ್ಪನ್ನೆಲ್ಲ ತಮ್ಮ ಮೇಲೆ ಎಳ್ಕೊಳ್ತಿದ್ದಾರೆ! ತೂಕ-ಅಳತೆ ಇನ್ಸ್‌ಪೆಕ್ಟರು ಗಾಳಿ ತಪ್ಪು ಹಾಕ್ತಾರೆ ಅಂದ್ರೆ ನಂಬೋ ಮಾತೇನ್ರೀ?”

“ಎಂಥಾ ಮನುಷ್ಯ!” ಎಂದಿತು ಹಿಂದಿನ ಸಾಲು. “ಹೊತ್ಕೊಂಡು ಬಂದಿದ್ದು ಸಾಲದು ಅಂತ ಇದು ಬೇರೆ!” ಎಂದಿತು ಮುಂದಿನ ಸಾಲು. ಮೇಷ್ಟ್ರ ಹೆಂಡತಿ, “ಬೇಡ ಇನ್ಸ್‌ಪೆಕ್ಟರೇ, ನಮಗೋಸ್ಕರ ಸುಳ್ಳು ಹೇಳ್ಬೇಡಿ,” ಎಂದು ಸೆರಗು ಬಾಯಿಗೊತ್ತಿಕೊಂಡರು. ಯಾರೋ ಚಪ್ಪಾಳೆ ತಟ್ಟಿದರು. ಇಡೀ ಹಾಲು ಎದ್ದು ನಿಂತು ತಟ್ಟಿತು.

ನಾನು ಕೂತೆ. ಹೇಳಬೇಕಾದ್ದು ಹೇಳಿಯಾಯಿತು, ನಂಬದಿದ್ದರೆ ನಾನೇನು ಮಾಡಲಿ ಎಂದು ನನಗೇ ಸಮಾಧಾನ ಹೇಳಿಕೊಂಡೆ. ಎದೆ ಹಗುರಾಯಿತು. ಬೀಗದ ಕೈ ನನ್ನ ಅಂಗೈಯಲ್ಲಿತ್ತು, ಅದು ಯಾವಾಗ ಬಂತೋ ತಿಳಿಯದು.

ಆಗ ಮೂರನೆಯ ಸಾಲಿನಿಂದ ನನ್ನ ಹೆಂಡತಿ ಎದ್ದು ನಿಂತಳು. ಅವಳು ಸಭೆಯಲ್ಲಿ ಎಂದೂ ಮಾತಾಡಿದವಳಲ್ಲ.

“ನನಗೆ ಸೈಕಲ್ಲು ಬೇಡ ಮೇಷ್ಟ್ರೇ. ಇವರು ಹೇಳಿದ್ದು ನಿಜ. ನಾನು ಬಾಲ್ಕನಿಯಿಂದ ನೋಡಿದ್ದೀನಿ. ಇವರ ಸೊಂಟ ಹಿಡ್ಕೊಂಡಿದ್ದು ಪಂಪು ಒತ್ತಿ, ನಿಮ್ಮನ್ನ ಹೊತ್ತು ಅಲ್ಲ. ಮುಲಾಮು ಹಚ್ಚಿದ್ದು ನಾನು,” ಎಂದಳು. “ಇವರು ಎಲ್ಲದಕ್ಕೂ ಹೀಗೇ. ಏನು ಕೊಟ್ಟರೂ ಕಂಠದವರೆಗೆ ತುಂಬಿಸ್ತಾರೆ. ಫ್ರೀಜರಲ್ಲಿ ಮೂರು ಗಾಜಿನ ಬಾಟ್ಲಿ ಒಡೆದಿವೆ. ದಿಂಬಿಗೆ ಹತ್ತಿ ತುಂಬಿಸಿ ತುಂಬಿಸಿ, ಈಗ ಅದರ ಮೇಲೆ ತಲೆ ಇಟ್ರೆ ಉರುಳಿ ಹೋಗುತ್ತೆ. ಇವರು ಇನ್ಸ್‌ಪೆಕ್ಟರೂ ಅಲ್ಲ. ಮುದ್ರೆ ಡಬ್ಬಿ ಹಿಡ್ಕೊಳ್ಳೋರು.”

ಗಂಡನ ಮಾತನ್ನು ಸುಳ್ಳೆಂದ ಸಭೆ ಹೆಂಡತಿಯ ಮಾತನ್ನು ತಕ್ಷಣ ನಂಬಿತು. ಗಂಡನ ಪೆದ್ದುತನದ ವಿಷಯದಲ್ಲಿ ಹೆಂಡತಿಯ ಸಾಕ್ಷಿಗಿಂತ ದೊಡ್ಡ ದಾಖಲೆ ಇಲ್ಲವೆಂಬುದು ಅಲ್ಲಿದ್ದ ಅಷ್ಟೂ ಸಂಸಾರಗಳಿಗೆ ಗೊತ್ತಿತ್ತು. ನನ್ನ ಪಕ್ಕ ಕೂತಿದ್ದವರು ಕುರ್ಚಿಯನ್ನು ಒಂದು ಗೇಣು ಆಚೆ ಎಳೆದುಕೊಂಡರು. ಸೆಕ್ರೆಟರಿ ಕಣ್ಣೀರನ್ನು ಒರೆಸಿಕೊಂಡು, ಕಾರ್ಯಸೂಚಿಯಲ್ಲಿ ನನ್ನ ಹೆಸರಿನ ಮೇಲೆ ಗೀಟು ಎಳೆದರು.

ಮೇಷ್ಟ್ರು ನನ್ನ ಹತ್ತಿರ ಬಂದರು. ಹೊಡೆಯುತ್ತಾರೆ ಎಂದುಕೊಂಡೆ, ಹೊಡೆಯಲಿ ಎಂದೂ ಬೇಡಿಕೊಂಡೆ.

“ಅರವತ್ತೈದು?” ಎಂದರು.

“ಅರವತ್ತೈದು.”

“ಮುಂದಿನದಕ್ಕೂ?”

“ಎರಡಕ್ಕೂ ಮೇಷ್ಟ್ರೇ.”

“ನಾನು ಬಿದ್ದಿದ್ದು ಎಷ್ಟನೇ ತಿರುವಲ್ಲಿ?”

“ಮೂರನೆಯದರಲ್ಲಿ.”

ಅವರು ಹೆಂಡತಿಯ ಕಡೆ ತಿರುಗಿದರು. ಮೈಕು ದೂರವಿತ್ತು, ಆದರೂ ಆ ದನಿಗೆ ಕಿಟಕಿಯ ಗಾಜು ಕಂಪಿಸಿತು. “ಕೇಳಿಸ್ಕೊಂಡ್ಯೇನೇ? ಅರವತ್ತೈದರಲ್ಲಿ ಮೂರನೇ ತಿರುವಿನ ತನಕ ಬಂದಿದ್ದೀನಿ ನಾನು! ಇಪ್ಪತ್ತರ ಹುಡುಗ ಆದ್ರೂ ಮೊದಲನೇದರಲ್ಲೇ ಹಲ್ಲು ಉದುರಿಸ್ಕೊಳ್ತಿದ್ದ! ಮರೆವಂತೆ, ಮರೆವು!” ನನ್ನ ಕೈಯಿಂದ ಬೀಗದ ಕೈಯನ್ನು ಕಿತ್ತುಕೊಂಡು, ಅಲ್ಲೇ ಬಗ್ಗಿ ಎಡಗೈ ಹೆಬ್ಬೆರಳಿನಿಂದ ಟೈರನ್ನು ಒತ್ತಿ, ಹೂಂ ಎಂದರು. ಜನ ಅವರ ಸುತ್ತ ನೆರೆದರು.

ಮೇಷ್ಟ್ರ ಹೆಂಡತಿ ಮಾತ್ರ ನನ್ನ ಮುಂದೆಯೇ ನಿಂತಿದ್ದರು. ಅವರು ಬೈಯಲಿಲ್ಲ.

“ಹದಿನಾಲ್ಕು ದಿನ,” ಎಂದರು. “ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ನಿಂತು ತಮ್ಮ ಹೆಸರನ್ನ ತಾವೇ ಹೇಳಿ ನೋಡ್ಕೊಳ್ತಿದ್ರು ಅವರು. ನಾನು ಬಾಗಿಲ ಹಿಂದೆ ನಿಂತು ಅಳ್ತಿದ್ದೆ. ನೀವು ಸಾಯಂಕಾಲ ಬಂದು ಪಕ್ಕದಲ್ಲಿ ಕೂತು ಬಾದಾಮಿ ತಿಂದು ಹೋಗ್ತಿದ್ರಿ.”

ಇಷ್ಟು ಹೇಳಿ ಗಂಡನ ಹತ್ತಿರ ಹೋದರು. ನನಗೆ ತಲೆಯೆತ್ತಲಾಗಲಿಲ್ಲ. ಕುರ್ಚಿಗಳ ಕಾಲನ್ನೇ ನೋಡುತ್ತ ಹಾಲಿನಿಂದ ಹೊರಬಿದ್ದೆ.

ಮೆಟ್ಟಿಲಲ್ಲಿ ಹೆಂಡತಿ ಮುಂದೆ, ನಾನು ಹಿಂದೆ. ನನಗೆ ನಾಚಿಕೆಯ ಜೊತೆ ಸಣ್ಣ ಸಿಟ್ಟೂ ಇತ್ತು.

“ನಾನು ಹೇಳಿದ್ನಲ್ಲೇ,” ಎಂದೆ. “ಎಲ್ಲರೆದುರು ಬಾಯಿಬಿಟ್ಟು ಒಪ್ಪಿಕೊಂಡೆ. ಅವರು ನಂಬಲಿಲ್ಲ, ಅದು ನನ್ನ ತಪ್ಪಾ? ಅಷ್ಟಾದ ಮೇಲೂ ನೀನು ಎದ್ದು ಮಾನ ಕಳೀಬೇಕಿತ್ತಾ?”

ಅವಳು ನಿಂತು ಹಿಂದಿರುಗಿ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ನನಗಿಂತ ಹೆಚ್ಚು ನಾಚಿಕೆಪಟ್ಟವಳಂತೆ ಕಂಡಳು.

“ನೀವು ಹೇಳಿದಾಗ ನಾನು ಸುಮ್ಮನೇ ಕೂತಿದ್ದೆ ರೀ. ಕಣ್ಣಲ್ಲಿ ನೀರು ಬಂದಿತ್ತು ನನಗೆ. ಆಮೇಲೆ ಅವರೆಲ್ಲ ಚಪ್ಪಾಳೆ ತಟ್ಟಿದ್ರಲ್ಲ, ಆಗ ನೀವು ಎದೆ ಮೇಲೆ ಕೈ ಇಟ್ಕೊಂಡು, ತಲೆ ಬಾಗಿಸಿ ವಂದನೆ ಮಾಡಿದ್ರಿ.”

ಮಾಡಿಲ್ಲ ಎನ್ನಲು ಬಾಯಿ ತೆರೆದೆ. ಮಾಡಿದ್ದೆ.